ಮಾಡಿಫೈ ಆದ ಪೋಲೋ ಜಿಟಿ, ಅಬಾರ್ತ್ ಪುಂಟೋ, ಬಲೆನೊ ಆರ್‌ಎಸ್: ಸೆಕೆಂಡ್ ಹ್ಯಾಂಡ್‌ನಲ್ಲಿ ಯಾವುದು ವಾಸಿ?

ಕಾಸರಗೋಡಿನಿಂದ ಮಂಗಳೂರಿನವರೆಗೆ ಹಳೆಯ ಟರ್ಬೊ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಹುಡುಕುವವರ ಪಟ್ಟಿಯಲ್ಲಿ ಈ ಮೂರೂ ಇದ್ದೇ ಇರುತ್ತವೆ. ಕೈ ಹಾಕದೆ ಉಳಿದ ಗಾಡಿ ಸಿಗುವುದು ಕಷ್ಟ. ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಹೆಚ್ಚಿಸುವುದು), ಡೌನ್‌ಪೈಪ್ (ಟರ್ಬೊದಿಂದ ಹೊರಡುವ ಹೊಗೆ ಕೊಳವೆ), ಗಾಡಿಯನ್ನು ತಗ್ಗಿಸುವ ಲೋವರಿಂಗ್ ಸ್ಪ್ರಿಂಗ್, ಇವುಗಳಲ್ಲಿ ಒಂದಾದರೂ ಆಗಿರುತ್ತದೆ. ಹೆಚ್ಚಿದ ಟಾರ್ಕ್ (ಎಂಜಿನ್ ತಿರುಗಿಸುವ ಬಲ) ಮೊದಲು ತಿನ್ನುವ ಭಾಗ ಒಂದೊಂದರಲ್ಲೂ ಬೇರೆ. ಹಾಗಾಗಿ ಒಂದೇ ಚೆಕ್‌ಲಿಸ್ಟ್ ಹಿಡಿದುಕೊಂಡು ಮೂರನ್ನೂ ನೋಡಲು ಹೋಗಬೇಡಿ.

ಮೊದಲು ಗಾಡಿ ಅಸಲಿಯೇ ನೋಡಿ. ಬಲೆನೊ ಆರ್‌ಎಸ್‌ನ ಆರ್‌ಸಿಯಲ್ಲಿ 998 ಸಿಸಿ ಇರಬೇಕು. 1197 ಇದ್ದರೆ ಸಾದಾ ಬಲೆನೊಗೆ ಬಂಪರ್, ಬ್ಯಾಡ್ಜ್ ಹಾಕಿದ್ದು. 2013ರಿಂದ 2020ರ ಆರಂಭದವರೆಗೆ ಬಂದ ಪೋಲೋ ಜಿಟಿ ಟಿಎಸ್‌ಐ 1197 ಸಿಸಿ, ಅದೇ ಕಾಲದ ಸಾದಾ 1.2 ಪೆಟ್ರೋಲ್ ಪೋಲೋ 1198. ಅಂತರ ಒಂದೇ ಸಿಸಿ, ಕಣ್ಣು ತಪ್ಪುವುದು ಸುಲಭ. ಅಬಾರ್ತ್ ವಿಷಯದಲ್ಲಿ ಆರ್‌ಸಿ ಸಹಾಯಕ್ಕೆ ಬರುವುದಿಲ್ಲ. ಟರ್ಬೊ ಇಲ್ಲದ 1.4 ಪುಂಟೋ ಕೂಡ 1368 ಸಿಸಿಯೇ. ಬಾನೆಟ್ ಎತ್ತಿ ಟರ್ಬೊ ನೋಡಿ, ಹಿಂದಿನ ಚಕ್ರದಲ್ಲಿ ಡಿಸ್ಕ್ ಬ್ರೇಕ್ ಇದೆಯೇ ನೋಡಿ.

ಓಡಿಸಲು ಹಿತವಾದದ್ದು ಪೋಲೋ, ಹೆದರಬೇಕಾದದ್ದೂ ಅದಕ್ಕೇ. ಕಂಪನಿಯಿಂದ ಬಂದಾಗ ಶಕ್ತಿ 105 ಪಿಎಸ್, ಟಾರ್ಕ್ 175 ಎನ್‌ಎಂ. ಏಳು ಗೇರಿನ ಡಿಕ್ಯೂ200 ಡಿಎಸ್‌ಜಿ ಆಟೊಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಎರಡು ಡ್ರೈ ಕ್ಲಚ್‌ಗಳಿವೆ. ಅವನ್ನು ತಂಪು ಮಾಡಲು ಎಣ್ಣೆಯಿಲ್ಲ, ಗಾಳಿ ಮಾತ್ರ. ಈ ಗೇರ್‌ಬಾಕ್ಸಿನ ಮಿತಿ 250 ಎನ್‌ಎಂ. ಸ್ಟೇಜ್ ಒನ್ (ಭಾಗ ಬದಲಿಸದೆ ಸಾಫ್ಟ್‌ವೇರ್ ಮಾತ್ರ ಬದಲಿಸುವ) ರೀಮ್ಯಾಪ್ ಆದಾಗ ಆ ಮಿತಿಗೂ ಎಂಜಿನ್ನಿನ ಟಾರ್ಕ್‌ಗೂ ನಡುವೆ ಉಳಿಯುವ ಅಂತರ ಕಡಿಮೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಚೆರ್ಕಳದಿಂದ ಜಾಲ್ಸೂರಿನ ಕಡೆಗೆ ಹೋಗುವಾಗ ಸಿಗುವ ಯಾವುದಾದರೂ ಏರಿನಲ್ಲಿ ನಿಲ್ಲಿಸಿ, ಆಕ್ಸಿಲರೇಟರ್ ಅಷ್ಟಿಷ್ಟೇ ಒತ್ತುತ್ತಾ ತೆವಳಿಸಿ. ಒಂದು–ಎರಡನೇ ಗೇರಿನ ನಡುವೆ ನಡುಕ ಬಂದರೆ ಕ್ಲಚ್ ಸವೆದಿದೆ. ನಿಧಾನವಾಗಿ ನಿಲ್ಲುವಾಗ ಎರಡರಿಂದ ಒಂದಕ್ಕೆ ಇಳಿಯುವ ಹೊತ್ತಿಗೆ ಧಡ್ ಎಂದರೆ, ಇಲ್ಲವೇ ಡ್ಯಾಶ್‌ನಲ್ಲಿ ಗೇರ್ ಸೂಚಕ ಮಿನುಗಿದರೆ ಮೆಕಟ್ರಾನಿಕ್ (ಗೇರ್‌ಬಾಕ್ಸನ್ನು ನಿಯಂತ್ರಿಸುವ ಘಟಕ) ಮೇಲೆ ಅನುಮಾನ ಪಡಿ. ಅದು ಕೈಕೊಟ್ಟರೆ ಬಿಲ್ ಲಕ್ಷದ ಮೇಲೆ. ಫೋಕ್ಸ್‌ವ್ಯಾಗನ್ ಗಾಡಿಗಳ ದೋಷ ಓದುವ ವಿಸಿಡಿಎಸ್ ಸ್ಕ್ಯಾನರ್ ಇರುವ ಮೆಕ್ಯಾನಿಕ್ ಹತ್ತಿರ ಗೇರ್‌ಬಾಕ್ಸ್‌ನ ಫಾಲ್ಟ್ ಕೋಡ್ ಓದಿಸದೆ ಅಡ್ವಾನ್ಸ್ ಕೊಡಬೇಡಿ. ಕೋಡ್‌ಗಳನ್ನು ಹಿಂದಿನ ದಿನವೇ ಅಳಿಸಿರಬಹುದು, ಆದ್ದರಿಂದ ಓಡಿಸುವ ಮೊದಲೊಮ್ಮೆ, ಓಡಿಸಿದ ಮೇಲೊಮ್ಮೆ ಓದಿಸಿ. ‘ಸ್ಟಾಕ್ ಮ್ಯಾಪ್‌ಗೆ (ಕಂಪನಿಯ ಮೂಲ ಸಾಫ್ಟ್‌ವೇರಿಗೆ) ವಾಪಸ್ ತಂದಿದ್ದೇವೆ’ ಎಂಬ ಮಾತಿನಿಂದ ಸವೆದ ಕ್ಲಚ್ ವಾಪಸ್ ಬರುವುದಿಲ್ಲ.

ಅಬಾರ್ತ್‌ನದು 145 ಪಿಎಸ್, 212 ಎನ್‌ಎಂ, ಐದು ಗೇರಿನ ಮ್ಯಾನ್ಯುಯಲ್. ಮೂರರಲ್ಲಿ ಗಟ್ಟಿ ಎಂಜಿನ್ ಇದರದ್ದು. ಪೆಟ್ರೋಲ್ ವಾಲ್ವ್‌ನ ಹಿಂದಿನಿಂದ ಸಿಂಪಡಿಸುವ ಹಳೆಯ ಪದ್ಧತಿ ಇರುವುದರಿಂದ, ಉಳಿದೆರಡರಂತೆ ಇನ್‌ಟೇಕ್ ವಾಲ್ವ್ ಮೇಲೆ ಕಾರ್ಬನ್ ಕಟ್ಟುವ ತಲೆನೋವು ಇಲ್ಲ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ಮಾರುವವರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಹೋಗಿ. ಟಿಕ್ ಟಿಕ್ ಸದ್ದು ಶುರುವಾಗಿ ಬಿಸಿಯಾದಂತೆ ಕಡಿಮೆಯಾದರೆ ಎಂಜಿನ್ನಿಗೆ ಅಂಟಿಕೊಂಡ ಹೊಗೆ ಕೊಳವೆ, ಎಕ್ಸಾಸ್ಟ್ ಮ್ಯಾನಿಫೋಲ್ಡ್, ಬಿರುಕು ಬಿಟ್ಟಿರಬಹುದು, ಅಥವಾ ಅದನ್ನು ಹಿಡಿದಿಡುವ ಸ್ಟಡ್ ಮುರಿದಿರಬಹುದು. ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ ಕೇಳಿ. ಬಿಲ್ ಇಲ್ಲವೆಂದರೆ ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಮೂರರ ಖರ್ಚನ್ನೂ ಬೆಲೆಯಿಂದ ಕಳೆಯಿರಿ. ಕಿಲೋಮೀಟರ್ ಕಡಿಮೆ ಎಂಬ ಸಮಾಧಾನ ಬೇಡ, ನಿಂತಲ್ಲೇ ರಬ್ಬರ್ ಹಳತಾಗುತ್ತದೆ. ದೊಡ್ಡ ಅಡಚಣೆ ಪಾರ್ಟ್ಸ್. ಇದರ ಕಂಪನಿ ಫಿಯೆಟ್ 2019ರಲ್ಲಿ ಭಾರತದಲ್ಲಿ ಕಾರು ಮಾರುವುದನ್ನು ನಿಲ್ಲಿಸಿತು. ಸಾದಾ ಪುಂಟೋದ ಸಾಮಾನು ಹೇಗೋ ಸಿಗುತ್ತದೆ, ಅಬಾರ್ತ್‌ಗೆ ಮಾತ್ರ ಇರುವ ಭಾಗಕ್ಕೆ ವಾರಗಟ್ಟಲೆ ಕಾಯಬೇಕು.

ಬಲೆನೊ ಆರ್‌ಎಸ್ 102 ಪಿಎಸ್, 150 ಎನ್‌ಎಂ, ಮೂರು ಸಿಲಿಂಡರ್. 2017ರಿಂದ ಮೂರೇ ವರ್ಷ ಮಾರಾಟದಲ್ಲಿತ್ತು. ತೂಕ 950 ಕೆ.ಜಿ. ಮಾತ್ರವಾದ್ದರಿಂದ ಚುರುಕು. ಉಳಿದೆರಡರ ಎದುರು ಮಜಾ ಸ್ವಲ್ಪ ಕಡಿಮೆ. ಇಲ್ಲಿ ನೋಡಬೇಕಾದದ್ದು ಕ್ಲಚ್: ನಾಲ್ಕನೇ ಗೇರಿನಲ್ಲಿ 50ರ ವೇಗದಿಂದ ಪೂರ್ತಿ ಒತ್ತಿ, ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಟ್ಯೂನಿಂಗ್ ಬಾಕ್ಸ್ (ಸೆನ್ಸರ್ ಸಂಕೇತ ಬದಲಿಸಿ ಶಕ್ತಿ ಹೆಚ್ಚಿಸುವ ಪೆಟ್ಟಿಗೆ) ಸಿಕ್ಕಿಸಿ ತೆಗೆದಿದ್ದರೆ ಸೆನ್ಸರ್ ವೈರುಗಳ ಮೇಲೆ ಹೊಸ ಟೇಪ್ ಕಾಣುತ್ತದೆ.

ಇನ್ನು ನಮ್ಮ ಊರಿನ ಕಾಟ. ಯಜಮಾನರು ಗಲ್ಫ್‌ನಲ್ಲಿ, ಗಾಡಿ ಶೆಡ್ಡಿನಲ್ಲಿ. ವರ್ಷಕ್ಕೊಮ್ಮೆ ರಜೆಯಲ್ಲಿ ಮಾತ್ರ ಓಡಿದ್ದು ಎಂದರೆ ಖುಷಿಪಡುವ ಮೊದಲು ಟೈರಿನ ನಾಲ್ಕಂಕಿ ಓದಿ. 2319 ಎಂದರೆ 2019ರ 23ನೇ ವಾರ. ಆರು ವರ್ಷ ದಾಟಿದ ಟೈರಿನಲ್ಲಿ ಟ್ರೆಡ್ ಎಷ್ಟೇ ಆಳವಿರಲಿ, ಅದರ ಬೆಲೆ ಸೊನ್ನೆ. ಇಲಿ ಕಚ್ಚಿದ ವೈರಿಂಗ್ ಹುಡುಕಿ. ಕುಂಬಳೆ, ಬೇಕಲದ ಕಡಲ ಬದಿಯ ಗಾಡಿಯನ್ನು ಲಿಫ್ಟ್‌ಗೆ ಏರಿಸಿ ಸಬ್‌ಫ್ರೇಮ್, ಬ್ರೇಕ್ ಪೈಪುಗಳ ತುಕ್ಕು ನೋಡಲೇಬೇಕು. ಬಂಪರ್ ಕೆಳಗೆ ಇಳಿಸಿದ ಕೋಲ್ಡ್ ಏರ್ ಇನ್‌ಟೇಕ್ ನಮ್ಮ ಮಳೆಗಾಲಕ್ಕೆ ಹೇಳಿಸಿದ್ದಲ್ಲ. ನಿಂತ ನೀರಿನಲ್ಲಿ ಎಂಜಿನ್ ಒಂದು ಗುಟುಕು ಎಳೆದರೂ ಪಿಸ್ಟನ್ನಿನ ಕನೆಕ್ಟಿಂಗ್ ರಾಡ್ ಬಾಗಬಹುದು. ಮೂರು ಗಾಡಿಗೂ ಕಂಪ್ರೆಷನ್ ಟೆಸ್ಟ್ (ಸಿಲಿಂಡರಿನೊಳಗಿನ ಒತ್ತಡ ಅಳೆಯುವುದು) ಮಾಡಿಸಿ, ಸಿಲಿಂಡರ್‌ಗಳ ನಡುವೆ ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಬಿಟ್ಟುಬಿಡಿ.

ಮಂಗಳೂರಿನ ಕೆಎ-19 ಗಾಡಿಯಾದರೆ ಎನ್‌ಒಸಿ ತಂದು ಕಾಸರಗೋಡಿನ ಕೆಎಲ್-14 ಮಾಡಿಸುವಾಗ ಕೇರಳದ ತೆರಿಗೆ ಬೇರೆ ಕಟ್ಟಬೇಕು. ಚೌಕಾಶಿಯಲ್ಲಿ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಪರಿವಾಹನ್‌ನಲ್ಲಿ ಚಲನ್ ಬಾಕಿ, ಸಾಲದ ನಮೂದು ನೋಡಿ. ಅನುಮತಿಯಿಲ್ಲದ ಬದಲಾವಣೆ ಒಂದೊಂದಕ್ಕೂ ಮೋಟಾರು ವಾಹನ ಕಾಯ್ದೆಯ 182ಎ ಪ್ರಕಾರ 5,000 ರೂ. ದಂಡ ಬೀಳಬಹುದು. ಗಾಡಿ ನಿಮ್ಮ ಹೆಸರಿಗೆ ಬಂದ ಮೇಲೆ ಅದನ್ನು ಕಟ್ಟುವವರು ನೀವೇ. ಕ್ಯಾಟ್ (ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್), ಸೈಲೆನ್ಸರ್, ಸ್ಪ್ರಿಂಗ್, ಅಲಾಯ್, ಒರಿಜಿನಲ್ ಎಲ್ಲವೂ ಗಾಡಿಯ ಜತೆಗೇ ಬರಬೇಕು.

ದಿನಾ ಓಡಿಸುವುದಾದರೆ ಬಲೆನೊ, ಊರಲ್ಲೇ ರಿಪೇರಿ ಆಗುತ್ತದೆ. ಮನೆಯಲ್ಲಿ ಇನ್ನೊಂದು ಗಾಡಿ ಇದ್ದರೆ, ಮ್ಯಾಪ್ ಮುಟ್ಟದ ಅಬಾರ್ತ್. ರೀಮ್ಯಾಪ್ ಆದ ಪೋಲೋವನ್ನು ಕ್ಲಚ್ ಪ್ಯಾಕ್ ಬದಲಿಸಿದ ಬಿಲ್ ಕೈಗೆ ಬಂದರೆ ಮಾತ್ರ ತಗೊಳ್ಳಿ.