ಇಂಟೆಲ್ ಎಎಕ್ಸ್200 ವೈಫೈ ಕಾರ್ಡ್: ಟರ್ಮಿನಲ್ ಮಾತ್ರ ಇರುವ ಲಿನಕ್ಸ್‌ನಲ್ಲಿ ದೀರ್ಘಕಾಲದ ಬಳಕೆ

ಡೆಸ್ಕ್‌ಟಾಪ್ ಪರಿಸರವೇ ಇಲ್ಲದ ಲಿನಕ್ಸ್ ಯಂತ್ರಕ್ಕೆ ಧೈರ್ಯವಾಗಿ ಹಾಕಬಹುದಾದ ಕಾರ್ಡ್ ಇದು. ವೇಗಕ್ಕಿಂತ ಹೆಚ್ಚಾಗಿ ಡ್ರೈವರ್‌ಗಾಗಿ ಈ ಮಾತು. ಇಂಟೆಲ್ ವೈಫೈ ಕಾರ್ಡ್‌ಗಳನ್ನು ನಡೆಸುವ ಐಡಬ್ಲ್ಯೂಎಲ್‌ವೈಫೈ ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನಲ್‌ನೊಳಗೇ ಇದೆ, 5.1 ಅಥವಾ ಅದಕ್ಕಿಂತ ಹೊಸ ಕರ್ನಲ್ ಇದ್ದರೆ ಸಾಕು. ಅಪ್‌ಡೇಟ್ ಆದಾಗಲೆಲ್ಲ ಡ್ರೈವರ್ ಕಂಪೈಲ್ ಮಾಡುವ ಗೋಳಿಲ್ಲ.

ಕೊಳ್ಳುವಾಗ ಮಾದರಿ ಸಂಖ್ಯೆ ನೋಡಿಕೊಳ್ಳಿ. ಎಎಕ್ಸ್201 ನೋಡಲು ಹೀಗೇ ಇರುತ್ತದೆ, ಆದರೆ ಅದು ಸಿಎನ್‌ವಿಐ ಸೌಲಭ್ಯವಿರುವ (ವೈಫೈ ಕೆಲಸದ ಒಂದು ಭಾಗವನ್ನು ಇಂಟೆಲ್ ಚಿಪ್‌ಸೆಟ್ ಅಥವಾ ಪ್ರೊಸೆಸರ್ರೇ ಮಾಡುವ) ಇಂಟೆಲ್ ಬೋರ್ಡ್‌ಗಳಲ್ಲಿ ಮಾತ್ರ ಕೆಲಸ ಮಾಡುತ್ತದೆ. 200 ಮಾಮೂಲಿ ಪಿಸಿಐಇ ಕಾರ್ಡ್, ಎಎಂಡಿ ಬೋರ್ಡ್‌ನಲ್ಲೂ ನಡೆಯುತ್ತದೆ. ಇದರ ಬ್ಲೂಟೂತ್ ಭಾಗ ಮಾತ್ರ ಯುಎಸ್‌ಬಿ ಮೂಲಕ ಹೋಗುವುದರಿಂದ, ಡೆಸ್ಕ್‌ಟಾಪ್ ಅಡಾಪ್ಟರ್ ಬಳಸುವವರು ಯುಎಸ್‌ಬಿ ಹೆಡರ್‌ಗೂ ಕೇಬಲ್ ಸಿಕ್ಕಿಸಬೇಕು.

ಕಾರ್ಡ್ ಕೂರಿಸಿದ ಮೇಲೆ ಮೊದಲು 'ಎಲ್‌ಎಸ್‌ಪಿಸಿಐ -ಕೆ' ಕೊಡಿ. ಕಾರ್ಡ್‌ನ ಹೆಸರು ಬಂದು, ಬಳಕೆಯಲ್ಲಿರುವ ಡ್ರೈವರ್‌ನ ಸಾಲು ಇಲ್ಲದಿದ್ದರೆ ಕರ್ನಲ್ ಲಾಗ್ ತೆರೆಯಿರಿ. ಬಹುತೇಕ ಕಾಣೆಯಾಗಿರುವುದು ಫರ್ಮ್‌ವೇರ್ ಕಡತ, ಅಂದರೆ ಕಾರ್ಡ್‌ನೊಳಗೆ ಓಡುವ ತಂತ್ರಾಂಶ. ಡೆಬಿಯನ್‌ನಲ್ಲಿ ಅದು ಫರ್ಮ್‌ವೇರ್-ಐಡಬ್ಲ್ಯೂಎಲ್‌ವೈಫೈ ಪ್ಯಾಕೇಜಿನಲ್ಲಿದೆ. ವೈಫೈ ಬಿಟ್ಟು ಬೇರೆ ಇಂಟರ್ನೆಟ್ ಇಲ್ಲದಿದ್ದರೆ ಪ್ಯಾಕೇಜನ್ನು ಮೊದಲೇ ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಳ್ಳಿ.

ಡ್ರೈವರ್ ಸರಿಯಿದ್ದೂ ವೈಫೈ ಇಂಟರ್‌ಫೇಸ್ ಮೇಲೇಳದಿದ್ದರೆ, ರೇಡಿಯೊಗೆ ತಡೆ ಇದೆಯೇ ಎಂದು ತೋರಿಸುವ 'ಆರ್‌ಎಫ್‌ಕಿಲ್ ಲಿಸ್ಟ್' ನೋಡಿ. ಸಾಫ್ಟ್ ಬ್ಲಾಕ್ (ತಂತ್ರಾಂಶದ ತಡೆ) ಇದ್ದರೆ 'ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ' ಸಾಕು. ಹಾರ್ಡ್ ಬ್ಲಾಕ್ ಆದರೆ ಯಾವ ಕಮಾಂಡೂ ಕೆಲಸಕ್ಕೆ ಬಾರದು; ಲ್ಯಾಪ್‌ಟಾಪ್‌ನ ಸ್ವಿಚ್ ಅಥವಾ ಬಯೋಸ್ ಕಡೆ ಹೋಗಬೇಕು. ಆಮೇಲೆ ಡಬ್ಲ್ಯೂಪಿಎ_ಪಾಸ್‌ಫ್ರೇಸ್‌ನಿಂದ ಸಂರಚನಾ ಕಡತ ಮಾಡಿ, ವೈಫೈಗೆ ಸಂಪರ್ಕ ಕೊಡಿಸುವ ಡಬ್ಲ್ಯೂಪಿಎ_ಸಪ್ಲಿಕೆಂಟ್ ಓಡಿಸಿ, ಡಿಎಚ್‌ಸಿಪಿಯಿಂದ ಐಪಿ ವಿಳಾಸ ಪಡೆದರೆ ಮುಗಿಯಿತು. ಆ ಕಡತದಲ್ಲಿ ಪಾಸ್‌ವರ್ಡ್ ಕಾಮೆಂಟ್ ಸಾಲಾಗಿ ಹಾಗೇ ಉಳಿದಿರುತ್ತದೆ, ಅದನ್ನು ಅಳಿಸಲೇಬೇಕು.

ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ಯಂತ್ರಕ್ಕೆ ಲಾಗಿನ್ ಆಗಿ) ಟೈಪ್ ಮಾಡುವಾಗ ಅಕ್ಷರಗಳು ತಡೆದು ತಡೆದು ಬಂದರೆ ಮೊದಲು ಅನುಮಾನಿಸಬೇಕಾದ್ದು ಪವರ್ ಸೇವ್, ಅಂದರೆ ಕಾರ್ಡ್‌ನ ವಿದ್ಯುತ್ ಉಳಿತಾಯ. 'ಐಡಬ್ಲ್ಯೂ ಡೆವ್ ಡಬ್ಲ್ಯೂಎಲ್‌ಪಿ3ಎಸ್0 ಸೆಟ್ ಪವರ್_ಸೇವ್ ಆಫ್' ಕೊಟ್ಟು ನೋಡಿ (ಇಂಟರ್‌ಫೇಸ್ ಹೆಸರು ನಿಮ್ಮದು ಹಾಕಿ). ರೀಬೂಟ್ ಆದರೆ ಇದು ಅಳಿದುಹೋಗುತ್ತದೆ. ಕಾಯಂ ಆಗಬೇಕಾದರೆ ಮಾಡ್‌ಪ್ರೋಬ್ ಸಂರಚನೆಯಲ್ಲಿ (ಡ್ರೈವರ್‌ಗಳ ಆಯ್ಕೆಗಳನ್ನು ಬರೆದಿಡುವ ಕಡತ) ಇದೇ ಡ್ರೈವರ್‌ನ ಭಾಗವಾದ ಐಡಬ್ಲ್ಯೂಎಲ್‌ಎಂವಿಎಂ ಮಾಡ್ಯೂಲ್‌ಗೆ ಪವರ್_ಸ್ಕೀಮ್=1 ಎಂದು ಬರೆಯಿರಿ. 1 ಎಂದರೆ ಉಳಿತಾಯವಿಲ್ಲದೆ ಸದಾ ಸಕ್ರಿಯ; ಡೀಫಾಲ್ಟ್ 2, ಅಂದರೆ ಸಮತೋಲನ. ಸದಾ ಕರೆಂಟ್‌ನಲ್ಲಿರುವ ಯಂತ್ರಕ್ಕೆ 1 ಇಡುವುದೇ ಸರಿ.

ಈ ಕಾರ್ಡನ್ನು ಆಕ್ಸೆಸ್ ಪಾಯಿಂಟ್ (ಬೇರೆ ಸಾಧನಗಳಿಗೆ ವೈಫೈ ಹಂಚುವ ಹಾಟ್‌ಸ್ಪಾಟ್) ಮಾಡುವ ಆಲೋಚನೆಯಿದ್ದರೆ ಮಾತ್ರ ಬೇರೆ ಕಾರ್ಡ್ ಹುಡುಕಿ. ದೇಶದ ರೇಡಿಯೊ ನಿಯಮಗಳನ್ನು ಇದರ ಫರ್ಮ್‌ವೇರ್ ತಾನೇ ನಿರ್ಧರಿಸುತ್ತದೆ. 'ಐಡಬ್ಲ್ಯೂ ರೆಗ್ ಸೆಟ್' ಅದನ್ನು ಬದಲಿಸಲಾರದು. ಹಾಗಾಗಿ 5 ಗಿಗಾಹರ್ಟ್ಸ್‌ನಲ್ಲಿ ಹಾಟ್‌ಸ್ಪಾಟ್ ನಂಬಿಕೊಳ್ಳುವಂತಿಲ್ಲ, 2.4ಕ್ಕೇ ತೃಪ್ತಿಪಡಬೇಕು.