ಕಪ್ಪತಗುಡ್ಡದ ಟ್ರೈಲೋಬೈಟ್ ಅಂತ ಯಾರಾದರೂ ಮಾರಿದರೆ ತಗೋಬೇಡಿ

ಹುಬ್ಬಳ್ಳಿಯ ಒಂದು ಎಕ್ಸಿಬಿಷನ್‌ನಲ್ಲಿ ನಾನು 1,800 ರೂಪಾಯಿ ಕಳೆದುಕೊಂಡೆ. ನೀವಾದರೂ ಹುಷಾರಾಗಿರಿ. ಟ್ರೈಲೋಬೈಟ್ ಅಂದರೆ ಬಹಳ ಹಿಂದೆಯೇ ಅಳಿದುಹೋದ, ಗಟ್ಟಿ ಚಿಪ್ಪಿನ ಸಮುದ್ರಜೀವಿ; ಕಲ್ಲಾಗಿ ಉಳಿದ ಅದರ ಪಳೆಯುಳಿಕೆಯನ್ನು ಮಾರುತ್ತಾರೆ.

ಮಗಳಿಗೆ ಶಾಲೆಯಲ್ಲಿ ದ್ವಿಪಾರ್ಶ್ವ ಸಮಮಿತಿಯ ಪ್ರಾಜೆಕ್ಟ್ ಕೊಟ್ಟಿದ್ದರು. ಮೈ ನಡುವೆ ಉದ್ದಕ್ಕೆ ಗೆರೆ ಎಳೆದರೆ ಎಡ ಬಲ ಎರಡೂ ಒಂದೇ ಥರ ಇರಬೇಕು. ಚಿಟ್ಟೆ, ಏಡಿ, ನಾವು ನೀವು ಎಲ್ಲಾ ಹಾಗೇ. (ಹೊರಗಿನಿಂದ ಮಾತ್ರ. ಒಳಗೆ ಲಿವರ್ ಬಲಕ್ಕೇ ಜಾಸ್ತಿ ವಾಲಿದೆ.) ಅಂಗಡಿಯಲ್ಲಿ ಕರಿ ಕಲ್ಲಿನ ಟ್ರೈಲೋಬೈಟ್ ಕಂಡಿತು. "ನೋಡ್ರಿ ಸರ, ನಮ್ಮ ಕಪ್ಪತಗುಡ್ಡದಾಗ ಸಿಕ್ಕೇತಿ" ಅಂದ. ಚೌಕಾಸಿ ಮಾಡಿ ಕೊಂಡೆ.

ಮನೆಯಲ್ಲಿ ಮಗಳು ಅದರ ಅಚ್ಚನ್ನು ಕಾಗದದ ಮೇಲೆ ತೆಗೆದು ಮಡಚಿದಳು. ಎಡಗಡೆ ಒಂದು ಮುಳ್ಳಿನ ತುದಿ ಮುರಿದದ್ದು ಬಿಟ್ಟರೆ ಕೂದಲೆಳೆ ವ್ಯತ್ಯಾಸ ಇಲ್ಲ. ನನಗೋ ಖುಷಿ! ಅಲ್ಲೇ ಅನುಮಾನ ಬರಬೇಕಿತ್ತು. ಬದುಕಿದ್ದಾಗ ಅದು ಸಮವಾಗೇ ಇತ್ತು, ಸರಿ. ಆದರೆ ಕೋಟಿಗಟ್ಟಲೆ ವರ್ಷ ಬಂಡೆಯ ಭಾರಕ್ಕೆ ಸಿಕ್ಕಿದ ಮೈ ಸಾಮಾನ್ಯವಾಗಿ ಒಂದು ಕಡೆ ಚಪ್ಪಟೆಯಾಗಿರುತ್ತದೆ, ಇಲ್ಲವೇ ಸೊಟ್ಟಗಾಗಿರುತ್ತದೆ. ಕೆಲವದರ ಮೇಲೆ ಕಚ್ಚಿಸಿಕೊಂಡು ವಾಸಿಯಾದ ಗಾಯದ ಗುರುತೂ ಇರುತ್ತದೆ. ಅಚ್ಚುಕಟ್ಟಾಗಿ ಉಳಿದವೂ ಇವೆ ಅನ್ನಿ, ಅವುಗಳ ಬೆಲೆಯೇ ಬೇರೆ.

ಎರಡು ದಿನ ಬಿಟ್ಟು ತಮ್ಮನ ಮಗನಿಗೂ ಒಂದು ತರಲು ಹೋದೆ. ಆ ತುಂಡಿನಲ್ಲೂ ಎಡಗಡೆ ಮುಳ್ಳಿನ ತುದಿ ಮುರಿದಿತ್ತು, ಕಲ್ಲಿನ ಬಿರುಕೂ ಅದೇ ಜಾಗದಲ್ಲಿ. ನನ್ನದರಲ್ಲಿದ್ದ ಹಾಗೆಯೇ! ಎರಡೂ ಒಂದೇ ಅಚ್ಚಿನಿಂದ ಬಂದವು. ಮನೆಗೆ ಬಂದು ಭೂತಗನ್ನಡಿ ಹಿಡಿದರೆ ಮೈತುಂಬಾ ಗುಂಡನೆಯ ಗಾಳಿಗುಳ್ಳೆಯ ತೂತು. ಸೂಜಿ ಕಾಯಿಸಿ ಚುಚ್ಚಿದೆ. ಪ್ಲಾಸ್ಟಿಕ್ ಸುಟ್ಟ ವಾಸನೆ.

ಕಪ್ಪತಗುಡ್ಡದ ಕಥೆ ಅದಕ್ಕಿಂತ ದೊಡ್ಡ ಸುಳ್ಳು. ಅಲ್ಲಿನ ಬಂಡೆಗಳಿಗೆ 250 ಕೋಟಿ ವರ್ಷಕ್ಕೂ ಜಾಸ್ತಿ ವಯಸ್ಸು. ಟ್ರೈಲೋಬೈಟ್ ಕಾಣಿಸಿಕೊಂಡದ್ದು ಸುಮಾರು 52 ಕೋಟಿ ವರ್ಷದ ಹಿಂದೆ, ಅಳಿದದ್ದು 25 ಕೋಟಿ ವರ್ಷದ ಹಿಂದೆ. ಅಜ್ಜನ ಮದುವೆ ಫೋಟೋದಲ್ಲಿ ಮೊಮ್ಮಗ ನಿಂತ ಹಾಗಾಯ್ತು, ಅಲ್ವಾ? ನಮ್ಮ ದೇಶದಲ್ಲಿ ಅವು ಸಿಗುವುದು ಸ್ಪಿತಿ, ಕಾಶ್ಮೀರದಂಥ ಹಿಮಾಲಯದ ಕಡೆ. ಮಾರುಕಟ್ಟೆಗೆ ಮೊರಾಕೊದಿಂದ ಬಹಳ ಬರುತ್ತವೆ, ಅಸಲಿಯೂ ನಕಲಿಯೂ.

ದುಡ್ಡು ವಾಪಸ್ ಕೇಳಲು ಹೋದರೆ ಆತ ತಣ್ಣಗೆ "ಬಿಲ್ ತೋರಸ್ರಿ" ಅಂದ. ನಾನು ಬಿಲ್ ತಗೊಂಡೇ ಇರಲಿಲ್ಲ.