ಜೊತೆಗೊಂದು ಹಳೇ ಕುದುರೆಯೋ, ಕೈಯಲ್ಲೊಂದು ಹಗ್ಗವೋ

ಬೆಚ್ಚುವ ಎಳೆ ಕುದುರೆಗೆ ಧೈರ್ಯ ಬರಬೇಕಾದರೆ ಜೊತೆಗೊಂದು ವಯಸ್ಸಾದ, ಶಾಂತ ಕುದುರೆ ತಂದು ಕಟ್ಟಿ ಎಂದು ಕೇಳಿದವರೆಲ್ಲ ಹೇಳುತ್ತಾರೆ. ತಂದದ್ದೂ ಆಯಿತು, ಅದರ ಹಿಂದೆ ಎಳೆಯದನ್ನು ನಡೆಸಿದ್ದೂ ಆಯಿತು. ಈಗ ಯಾರಾದರೂ ಕೇಳಿದರೆ, ಆ ದುಡ್ಡು ನಿಮ್ಮ ಹತ್ತಿರವೇ ಇರಲಿ, 12 ಅಡಿಯ ಹತ್ತಿ ಹಗ್ಗ, ಒಂದು ಹಾಲ್ಟರ್ (ಕಡಿವಾಣವಿಲ್ಲದ ತಲೆಪಟ್ಟಿ), ದಿನಕ್ಕೆ 20 ನಿಮಿಷ ಸಾಕು ಎನ್ನುತ್ತೇನೆ.

ಹೋಲಿಕೆ ಇರುವುದು ಎರಡು ವರ್ಷದ ಕುದುರೆಯನ್ನು ಕಾರವಾರದ ಕಡಲತೀರದಲ್ಲಿ ಕೈಯಲ್ಲಿ ಹಿಡಿದು ನಡೆಸುವ ಕೆಲಸದ ಮಟ್ಟಿಗೆ. ಸವಾರಿಯ ಮಾತು ಈಗಲೇ ಬೇಡ, ಆ ವಯಸ್ಸಿಗೆ ಬೆನ್ನಿನ ಮೂಳೆ ಬಲಿತಿರುವುದಿಲ್ಲ. ಕಡಿವಾಣವೂ ಬೇಡ, ಎರಡೂವರೆ ವರ್ಷದ ಹೊತ್ತಿಗೆ ಹಾಲುಹಲ್ಲು ಬೀಳಲು ಶುರುವಾಗಿ ಬಾಯಿ ನೋಯುತ್ತಿರುತ್ತದೆ. ಇಲ್ಲಿ ಬೆಚ್ಚಿಸುವ ವಸ್ತುಗಳಿಗೇನೂ ಬರವಿಲ್ಲ: ದಡಕ್ಕೆಳೆದ ದೋಣಿಯ ಮೇಲೆ ಪಟಪಟ ಬಡಿಯುವ ತಾಡಪಾಲು, ಒಣಹಾಕಿದ ಬಲೆ, ಭಾನುವಾರದ ಗಾಳಿಪಟ, ಹೆದ್ದಾರಿ 66ರ ಲಾರಿ ಹಾರ್ನು, ಎಲ್ಲಕ್ಕಿಂತ ಮೇಲೆ ಅಲೆ.

ಹಳೇ ಕುದುರೆಯಿಂದ ಆಗುವ ಉಪಕಾರವನ್ನು ಅಲ್ಲಗಳೆಯುವುದಿಲ್ಲ. ಅದು ನೊರೆಯೊಳಗೆ ಕಾಲಿಟ್ಟರೆ ಎಳೆಯದೂ ಇಡುತ್ತದೆ. ಹಗ್ಗದ ಕೆಲಸದಲ್ಲಿ ಎರಡು ವಾರ ಹಿಡಿಯುವುದು ಅಲ್ಲಿ ಎರಡೇ ದಿನಕ್ಕೆ ಆದೀತು.

ತೊಡಕು ಶುರುವಾಗುವುದು ಹಳೇ ಕುದುರೆಯನ್ನು ಲಾಯದಲ್ಲೇ ಬಿಟ್ಟು ಬಂದ ದಿನ. ಅದೇ ಜಾಗ, ಅದೇ ದೋಣಿ. ಎಳೆಯದು ಕತ್ತೆತ್ತಿ ಕೆನೆಯುತ್ತದೆ, ಹಿಂದಕ್ಕೆ ತಿರುಗುತ್ತದೆ, ಹಗ್ಗ ಹಿಡಿದವನ ಮೇಲೆಯೇ ನುಗ್ಗುತ್ತದೆ. ದೋಣಿಯಿಂದ ಅಪಾಯವಿಲ್ಲ ಎಂದು ಅದು ಕಲಿತೇ ಇರಲಿಲ್ಲ. ‘ಮುಂದಿನವನು ಇದ್ದರೆ ಅಪಾಯವಿಲ್ಲ’ ಎಂದಷ್ಟೇ ಕಲಿತಿತ್ತು. ಧೈರ್ಯವೆಲ್ಲ ಹಳೆಯದರದ್ದು, ಇದು ಅದರ ಬಾಲ ಹಿಡಿದು ಬಂದಿತ್ತು ಅಷ್ಟೆ. ಮೊದಲಿದ್ದ ಹೆದರಿಕೆ ಹಾಗೇ ಉಳಿದು, ಒಂಟಿಯಾಗುವ ಹೆದರಿಕೆ ಹೊಸದಾಗಿ ಸೇರಿಕೊಳ್ಳುತ್ತದೆ. ಲಾಯದಲ್ಲಿ ಉಳಿದ ಹಳೆಯದೂ ಕೂಗುತ್ತಿರುತ್ತದೆ.

ಇದನ್ನು ಬಿಡಿಸಲು ದಾರಿ ಇದೆ, ಆದರೆ ಉದ್ದ. ಮೊದಲು ಎರಡನ್ನೂ ಅಕ್ಕಪಕ್ಕ ನಡೆಸಬೇಕು. ಆಮೇಲೆ ಹಳೆಯದು 10 ಅಡಿ ಹಿಂದೆ, ಆಮೇಲೆ 30 ಅಡಿ. ಆಮೇಲೆ ಅದು ಗಾಳಿಮರಗಳ ಮರೆಗೆ ಒಂದೇ ನಿಮಿಷ ಹೋಗಿ, ಎಳೆಯದು ಕೂಗುವ ಮೊದಲೇ ಕಣ್ಣಿಗೆ ಕಾಣಬೇಕು. ಕೂಗಿದ ಮೇಲೆ ಕರೆತಂದರೆ ಕೂಗಿದ್ದಕ್ಕೇ ಬಂತು ಎಂದಾಗುತ್ತದೆ. ಇದಕ್ಕೆಲ್ಲ ದಿನವೂ ಇಬ್ಬರು ಬೇಕು. ಮೇವು, ಲಾಳ, ಔಷಧಿ ಎಲ್ಲವೂ ಎರಡರಷ್ಟು.

ಹಗ್ಗದ ಕೆಲಸದಲ್ಲಿ ಈ ರಗಳೆಯೇ ಇಲ್ಲ. ಬದಲಿಗೆ, ಯಾವಾಗ ಬಿಡಬೇಕು ಎಂಬುದನ್ನು ಮನುಷ್ಯ ಕಲಿಯಬೇಕು. ದೋಣಿಯ ಕಡೆ ನಡೆಯಿರಿ. ಕಿವಿ ನಿಮಿರಿ, ಕತ್ತು ಎದ್ದು, ಆದರೂ ಕಾಲು ನಿಂತೇ ಇದೆ ಎನ್ನುವ ದೂರದಲ್ಲಿ ನಿಲ್ಲಿ. ಅದು 60 ಅಡಿಯಾದರೂ ಸರಿ. ಹಗ್ಗ ಸಡಿಲವಾಗಿರಲಿ. ಕತ್ತು ಒಂದು ಗೇಣು ಇಳಿದು, ಕಣ್ಣು ಮಿಟುಕಿಸಿ, ಮೂಗಿನಿಂದ ಉದ್ದನೆಯ ಉಸಿರು ಬಿಟ್ಟ ಕ್ಷಣವೇ ತಿರುಗಿ ದೂರ ಕರೆದೊಯ್ಯಿರಿ. ಸುಮ್ಮನೆ ನಿಂತದ್ದಕ್ಕೆ ಬಿಡುಗಡೆ ಸಿಕ್ಕಿತು ಎಂದು ಅದಕ್ಕೆ ತಿಳಿಯಬೇಕು. ಮತ್ತೆ ಬಂದಾಗ ಎರಡು ಹೆಜ್ಜೆ ಹತ್ತಿರ. ಕೊಸರಿದಾಗ ದೂರ ಒಯ್ದರೆ ಕೊಸರುವುದನ್ನೇ ಕಲಿಸಿದಂತೆ. ಬಿಡದೆ ಎಳೆದರಂತೂ ಅದು ಹಿಂದಕ್ಕೆ ಭಾರ ಹಾಕಿ ನಿಲ್ಲುತ್ತದೆ, ಆ ಜಗ್ಗಾಟದಲ್ಲಿ ಮನುಷ್ಯ ಎಂದೂ ಗೆಲ್ಲುವುದಿಲ್ಲ.

ಎಡಗಡೆ ಪಳಗಿದ ವಸ್ತುವಿಗೆ ಬಲಗಡೆಯಲ್ಲಿ ಮತ್ತೆ ಬೆಚ್ಚುತ್ತದೆ, ಅದಕ್ಕೇ ಪ್ರತಿ ಪಾಠವೂ ಎರಡೂ ಕಡೆ. ಕುದುರೆಯ ಮೂಗಿನ ನೇರಕ್ಕೆ ನಿಲ್ಲಬೇಡಿ, ಅದಕ್ಕೆ ಅಲ್ಲಿ ಕಾಣುವುದಿಲ್ಲ, ಹಾರಿದರೆ ನಿಮ್ಮ ಮೇಲೆಯೇ. ಭುಜದ ಪಕ್ಕ, ಕೈಯಳತೆಯ ದೂರದಲ್ಲಿರಿ. ಹಗ್ಗವನ್ನು ಎಂದೂ ಕೈಗೆ ಸುತ್ತಿಕೊಳ್ಳಬಾರದು, ಬೆರಳು ಹೋಗುತ್ತದೆ. ನೈಲಾನ್ ಹಗ್ಗ ಅಂಗೈ ಸುಡುತ್ತದೆ.

ಚಲಿಸುವ ವಸ್ತುಗಳಿಗೆ ಒಂದು ಉಪಾಯವಿದೆ, ಹಳೇ ಕುದುರೆಯ ಕೆಲಸವನ್ನು ಮುಕ್ಕಾಲು ಪಾಲು ಇದೇ ಮಾಡುತ್ತದೆ. ತನ್ನಿಂದ ದೂರ ಹೋಗುವ ವಸ್ತುವಿಗೆ ಕುದುರೆ ಅಷ್ಟು ಹೆದರುವುದಿಲ್ಲ. ಒಬ್ಬರು ಛತ್ರಿ ಬಿಚ್ಚಿಕೊಂಡು ಮುಂದೆ ನಡೆಯಲಿ, ಕುದುರೆ ಹಿಂದೆ ಬರಲಿ. ಐದಾರು ನಿಮಿಷಕ್ಕೆ ಕುದುರೆಯೇ ಕುತೂಹಲದಿಂದ ಮೂಗು ಚಾಚುತ್ತದೆ. ನಿಧಾನಕ್ಕೆ ಹೋಗುವ ಬೈಕಿಗೂ ಹೀಗೇ. ಅಲೆಗೆ ಇದನ್ನು ಹೊಂದಿಸಲು ಉಬ್ಬರ ಕಳೆದು ನೀರು ಇಳಿಯುತ್ತಿರುವ ಹೊತ್ತು ಬೇಕು. ಹಿಂದೆ ಸರಿಯುವ ಪ್ರತಿ ಅಲೆಯ ಬೆನ್ನಿಗೆ ನಾಲ್ಕು ಹೆಜ್ಜೆ ಹೋಗಿ, ಮುಂದಿನದು ಬರುವ ಮೊದಲೇ ತಿರುಗಿ. ಒದ್ದೆ ಮರಳು ಆಗ ಗಟ್ಟಿಯೂ ಇರುತ್ತದೆ. ಇಳಿತದ ವೇಳೆ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ ಗಡಿಯಾರ ನೋಡಿ ಪಾಠ ಮಾಡುವವರಿಗೆ ಇದು ಒಗ್ಗದು. ಮುಗಿದ ಮೇಲೆ ಸಿಹಿನೀರಿನಲ್ಲಿ ಕಾಲು ತೊಳೆಯಿರಿ. ಮರಳಿನ ಮೇಲೆ ಹುಲ್ಲು ಹಾಕಬೇಡಿ, ಮರಳು ಹೊಟ್ಟೆಗೆ ಹೋಗಿ ಶೂಲೆ ಬರುತ್ತದೆ.

ಮೂರನೆಯದು, ರಸ್ತೆ ಬದಿ ಗಟ್ಟಿಯಾಗಿ ಕಟ್ಟಿಹಾಕಿ ‘ರೂಢಿಯಾಗುತ್ತದೆ ಬಿಡಿ’ ಎನ್ನುವ ಕ್ರಮ. ಇದನ್ನು ಮಾಡಲೇಬೇಡಿ. ಹಿಂದಕ್ಕೆ ಜಗ್ಗಿ ಕತ್ತು ಉಳುಕುತ್ತದೆ, ಇಲ್ಲವೇ ಹಗ್ಗ ಹರಿದು ಹೆದ್ದಾರಿಗೆ ಓಡುತ್ತದೆ. ಕೊನೆಗೆ ಸುಮ್ಮನಾದರೂ ಅದು ಶಾಂತಿಯಲ್ಲ. ಒಂದು ಹಿಡಿ ಹಸಿಹುಲ್ಲು ಹಿಡಿದು ನೋಡಿ: ಧೈರ್ಯ ಬಂದ ಕುದುರೆ ಮೇಯುತ್ತದೆ, ಸೋತು ನಿಂತದ್ದು ತುಟಿಯನ್ನೂ ಅಲುಗಿಸುವುದಿಲ್ಲ.

ಹುರುಳಿ ಹೆಚ್ಚು, ಕೆಲಸ ಕಡಿಮೆ ಇದ್ದರೆ ಯಾವ ವಿಧಾನವೂ ನಡೆಯುವುದಿಲ್ಲ. ಒಮ್ಮೆಲೇ ಬೆಚ್ಚಲು ಶುರುಮಾಡಿದ್ದರೆ ಮೊದಲು ಪಶುವೈದ್ಯರಿಗೆ ಕಣ್ಣು, ಹಲ್ಲು, ಗೊರಸು ತೋರಿಸಿ.

ಒಂದೇ ಕುದುರೆ, ಒಬ್ಬನೇ ಆಳು, ಬೆಳಿಗ್ಗೆ ಅರ್ಧ ಗಂಟೆಗಿಂತ ಹೆಚ್ಚು ಬಿಡುವಿಲ್ಲ ಎನ್ನುವ ಮನೆಗೆ ಹಗ್ಗವೇ ಸರಿ. ಲಾಯದಲ್ಲಿ ಒಂಟಿತನಕ್ಕೆ ಪಕ್ಕದಲ್ಲೊಂದು ದನವನ್ನೋ ಆಡನ್ನೋ ಕಟ್ಟಿದರೆ ಕುದುರೆಯ ಕೊರಗು ಸ್ವಲ್ಪ ಕಡಿಮೆಯಾದೀತು, ಆದರೆ ಅದು ಇನ್ನೊಂದು ಕುದುರೆಯ ಜೊತೆಗೆ ಪೂರ್ತಿ ಸಮವಲ್ಲ. ಮನೆಯಲ್ಲಿ ಈಗಾಗಲೇ ಶಾಂತ ಕುದುರೆಯೊಂದಿದ್ದರೆ ಮೊದಲ ಸಲ ನೀರಿಗಿಳಿಸುವ ದಿನ ಧಾರಾಳವಾಗಿ ಮುಂದೆ ಬಿಡಿ. ಮರುದಿನದಿಂದಲೇ ಅದನ್ನು ಪಕ್ಕಕ್ಕೆ, ಆಮೇಲೆ ಹಿಂದಕ್ಕೆ ಸರಿಸುತ್ತ ಬನ್ನಿ.